ಹೊಸ ಗುಮಾಸ್ತನಿಗೆ ಬರೆದುಕೊಡುವ ಚೀಟಿ

ಕಾಳಿ ನದಿಯ ದಡದ ಹಳೆಯ ಕಾರವಾರದಲ್ಲಿ ಇಂಗ್ಲಿಷ್ ವ್ಯಾಪಾರಿಗಳು ಕೋಠಿ ತೆರೆದದ್ದು 1638ರಲ್ಲಿ. ಈಸ್ಟ್ ಇಂಡಿಯಾ ಕಂಪನಿಗೆ ಸೆಡ್ಡು ಹೊಡೆದು ಹುಟ್ಟಿಕೊಂಡಿದ್ದ ಕೋರ್ಟೀನ್ ಸಂಘದವರು ಅದನ್ನು ಆರಂಭಿಸಿದರು. ಮುಂದೆ ಅದು ಕಂಪನಿಯ ವಶಕ್ಕೇ ಬಂತು. ಕಾಳುಮೆಣಸು, ಏಲಕ್ಕಿ, ನವಿರಾದ ಮಸ್ಲಿನ್ ಬಟ್ಟೆ ಇಲ್ಲಿಂದ ಹಡಗು ಹತ್ತುತ್ತಿದ್ದವು. ಬಟ್ಟೆ ನೇಯುತ್ತಿದ್ದವರು ಮಾತ್ರ ಘಟ್ಟದ ಮೇಲೆ, ಹುಬ್ಬಳ್ಳಿಯ ಕಡೆ. ಕೊಳ್ಳುವವನು ಲಂಡನ್ನಿನಲ್ಲಿ, ಕೊಡಿಸುವವನು ಕಾರವಾರದಲ್ಲಿ, ನೇಯುವವನು ಹುಬ್ಬಳ್ಳಿಯಲ್ಲಿ. ಒಬ್ಬರ ಮುಖ ಇನ್ನೊಬ್ಬರು ಕಂಡವರಲ್ಲ, ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಪತ್ರವೊಂದು ಹೋಗಿ ಅದಕ್ಕೆ ಉತ್ತರ ಬರುವಷ್ಟರಲ್ಲಿ ವರ್ಷ ಕಳೆಯುತ್ತಿತ್ತು. ‘ನೀವು ಬರೆದದ್ದು ಅರ್ಥವಾಗಲಿಲ್ಲ’ ಎಂದು ಮರಳಿ ಕೇಳುವ ಅನುಕೂಲವೇ ಇಲ್ಲದ ವ್ಯಾಪಾರ ಅದು.

ಇಂಥ ವ್ಯಾಪಾರದಲ್ಲಿ ಸರಕಿನ ಪಟ್ಟಿಯನ್ನು ಎಷ್ಟು ಬಿಡಿಸಿ ಬರೆದರೂ ಸಾಲದು. ‘ಒಳ್ಳೆಯ ಬಟ್ಟೆ’ ಎಂದರೆ ಯಾವುದು? ಎಷ್ಟು ಉದ್ದ, ಎಷ್ಟು ಪನ್ನ, ಎಂಥ ಬಣ್ಣ? ಆದ್ದರಿಂದ ಅಂದಿನ ಕಡಲ ವ್ಯಾಪಾರಿಗಳು ಪಟ್ಟಿಯ ಜೊತೆಗೆ ಬಟ್ಟೆಯ ತುಂಡೊಂದನ್ನೂ ಕಳಿಸುತ್ತಿದ್ದರು. ಈ ಮಾದರಿ ತುಂಡಿಗೆ ‘ಮಸ್ಟರ್’ ಎಂದು ಹೆಸರು. ಪೋರ್ಚುಗೀಸರ ‘ಮೊಸ್ತ್ರ’ ಎಂಬ ಪದದಿಂದ ಬಂದ ಮಾತಿದು. ನಮ್ಮ ಕಚೇರಿಗಳ ಹಾಜರಿ ಮಸ್ಟರಿಗೂ ಇದಕ್ಕೂ ಲ್ಯಾಟಿನ್ ಮೂಲ ಒಂದೇ; ‘ತೋರಿಸು’ ಎಂಬುದು ಅದರ ಅರ್ಥ. ಹೇಳಿ ಮುಗಿಯದ್ದನ್ನು ತೋರಿಸಿ ತಿಳಿಸುವ ಉಪಾಯ.

ಇಷ್ಟು ಹಳೆಯ ಕಥೆಯನ್ನು ಈಗ ಕೆದಕಲು ಕಾರಣವಿದೆ. ದೂರದಲ್ಲಿ ಕುಳಿತು, ಬರೆದುಕೊಟ್ಟ ಮಾತನ್ನಷ್ಟೇ ನಂಬಿ, ನಮ್ಮ ಪರವಾಗಿ ಸರಕು ಕೊಳ್ಳುವ ಮತ್ತು ಮಾರುವ ಹೊಸ ಬಗೆಯ ಪ್ರತಿನಿಧಿಯೊಬ್ಬ ಅಂಗಡಿಯ ಹೊಸ್ತಿಲಿಗೆ ಬಂದು ನಿಂತಿದ್ದಾನೆ. ಅವನು ಮನುಷ್ಯನಲ್ಲ, ಕಂಪ್ಯೂಟರ್ ತಂತ್ರಾಂಶ. ಕೃತಕ ಬುದ್ಧಿಮತ್ತೆಯ ಈ ಕೆಲಸಗಾರನನ್ನು ತಂತ್ರಜ್ಞರು ‘ಏಜೆಂಟ್’ ಎನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಸಿದ್ಧವಾದ ಪದವೇ ಇದೆ: ಗುಮಾಸ್ತ. ಇಂದು ಗುಮಾಸ್ತನೆಂದರೆ ಲೆಕ್ಕ ಬರೆಯುವ ಸಣ್ಣ ನೌಕರ ಎಂದಾಗಿದ್ದರೂ, ಪಾರ್ಸಿ ಮೂಲದ ಈ ಪದಕ್ಕೆ ‘ಧಣಿಯ ಪರವಾಗಿ ನೇಮಕವಾದವನು’ ಎಂಬುದೇ ಮೊದಲ ಅರ್ಥ.

ಈ ಹೊಸ ಗುಮಾಸ್ತ ಕೆಲಸ ಮಾಡುವ ರೀತಿಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದಾಗ ಅದು ಮಾತಾಡುವ ಯಂತ್ರವಷ್ಟೇ ಆಗಿತ್ತು. ಕೇಳಿದ್ದಕ್ಕೆ ಉತ್ತರ ಬರೆಯುತ್ತಿತ್ತು. ಅಂಗಡಿಯ ಕಡತ ತೆರೆದು ನೋಡಲು, ಬಿಲ್ಲು ಹಾಕಲು ಅದಕ್ಕೆ ಕೈಗಳಿರಲಿಲ್ಲ. 2023ರ ಜೂನ್‌ನಲ್ಲಿ ಓಪನ್‌ಎಐ ಕಂಪನಿ ತನ್ನ ಯಂತ್ರಗಳಿಗೆ ಬೇರೆ ತಂತ್ರಾಂಶಗಳನ್ನು ಕರೆದು ಕೆಲಸ ಮಾಡಿಸುವ ಏರ್ಪಾಟನ್ನು ಒದಗಿಸಿತು. ಉಳಿದ ಕಂಪನಿಗಳಲ್ಲೂ ಇಂಥ ಏರ್ಪಾಟು ಬಂತು. 2024ರ ನವೆಂಬರ್‌ನಲ್ಲಿ ಆಂತ್ರೋಪಿಕ್ ಕಂಪನಿ, ಯಾವ ಯಂತ್ರವೂ ಯಾವ ತಂತ್ರಾಂಶದೊಡನೆಯೂ ಬೆರೆಯಲು ಅನುವಾಗುವ ಸಾಮಾನ್ಯ ಪದ್ಧತಿಯೊಂದನ್ನು ಪ್ರಕಟಿಸಿತು. 2025ರ ಅಕ್ಟೋಬರ್‌ನಲ್ಲಿ, ಮಾತುಕತೆಯ ನಡುವೆಯೇ ಯುಪಿಐ ಮೂಲಕ ಹಣ ಪಾವತಿಸಿ ಸಾಮಾನು ತರಿಸುವ ಪ್ರಯೋಗ ಭಾರತದಲ್ಲೂ ಪ್ರಕಟವಾಯಿತು.

ಈ ಏರ್ಪಾಟಿನಲ್ಲಿ ಯಂತ್ರದ ಕೈಗೆ ಕೊಡುವ ಪ್ರತಿಯೊಂದು ಸಾಮರ್ಥ್ಯಕ್ಕೂ ‘ಟೂಲ್’, ಅಂದರೆ ಉಪಕರಣ ಎಂದು ಹೆಸರು. ದಾಸ್ತಾನು ನೋಡುವುದು ಒಂದು ಉಪಕರಣ, ದರ ಹೇಳುವುದು ಇನ್ನೊಂದು, ಆರ್ಡರ್ ಬರೆದುಕೊಳ್ಳುವುದು, ರದ್ದು ಮಾಡುವುದು, ಹಣ ವಾಪಸು ಮಾಡುವುದು ಬೇರೆ ಬೇರೆ ಉಪಕರಣಗಳು. ಇವುಗಳ ಒಳಗೆ ಏನು ನಡೆಯುತ್ತದೆ ಎಂಬುದು ಯಂತ್ರಕ್ಕೆ ಕಾಣುವುದಿಲ್ಲ. ಅದಕ್ಕೆ ಕಾಣುವುದು ಉಪಕರಣದ ಹೆಸರು, ನಾಲ್ಕಾರು ಸಾಲಿನ ವಿವರಣೆ, ಅದಕ್ಕೆ ಏನೇನು ಮಾಹಿತಿ ತುಂಬಿಕೊಡಬೇಕು ಎಂಬ ಪಟ್ಟಿ. ಗಿರಾಕಿ ಏನೋ ಕೇಳುತ್ತಾನೆ. ಯಂತ್ರ ಈ ಚೀಟಿಗಳನ್ನು ಓದಿ ‘ಇದಕ್ಕೆ ಈ ಉಪಕರಣ’ ಎಂದು ತೀರ್ಮಾನಿಸಿ, ಬೇಕಾದ ಮಾಹಿತಿಯನ್ನು ತುಂಬಿ ಕಳಿಸುತ್ತದೆ. ಅಂಗಡಿಯ ತಂತ್ರಾಂಶ ಅದನ್ನು ನಡೆಸಿ ಉತ್ತರ ಕೊಡುತ್ತದೆ. ಚೀಟಿ ಸರಿಯಿಲ್ಲದಿದ್ದರೆ ಯಂತ್ರದ ಜಾಣತನ ಬಹಳ ದೂರ ಬರುವುದಿಲ್ಲ.

ಅಂಕೋಲೆಯಲ್ಲಿ ಹಣ್ಣು, ಒಣಮೀನು, ಕಿರಾಣಿ ಮಾರುವ ಒಂದು ಅಂಗಡಿಯನ್ನು ಊಹಿಸಿಕೊಳ್ಳಿ. ಬೆಂಗಳೂರಿನಲ್ಲಿರುವ ಈ ಊರಿನವರೊಬ್ಬರು ‘ಎರಡು ಡಜನ್ ಈಶಾಡ ಹಣ್ಣು ಇದೆಯೇ?’ ಎಂದು ಕೇಳುತ್ತಾರೆ. ಯಂತ್ರದ ಬಳಿ ಇರುವ ಚೀಟಿಯಲ್ಲಿ ‘ದಾಸ್ತಾನು ತೋರಿಸುತ್ತದೆ’ ಎಂದಷ್ಟೇ ಇದೆ. ಯಂತ್ರ ಕೇಳಿತು, 40 ಎಂಬ ಉತ್ತರ ಬಂತು. ನಲವತ್ತು ಏನು? ಹಣ್ಣೋ, ಡಜನ್ನೋ, ಕಿಲೋವೋ? ಇಂದಿನ ದಾಸ್ತಾನೋ, ನಿನ್ನೆ ರಾತ್ರಿಯದೋ? ಅಂಗಡಿಯ ಹುಡುಗನಾಗಿದ್ದರೆ ತಲೆ ಹೊರಳಿಸಿ ಬುಟ್ಟಿಯ ಕಡೆ ನೋಡುತ್ತಿದ್ದ. ಯಂತ್ರಕ್ಕೆ ಬುಟ್ಟಿ ಕಾಣುವುದಿಲ್ಲ. ಅದು ತನಗೆ ತೋಚಿದ ಅರ್ಥ ಮಾಡಿಕೊಂಡು, ಬಹಳ ವಿನಯದಿಂದ, ತಪ್ಪು ಉತ್ತರ ಕೊಡುವ ಸಂಭವವೇ ಹೆಚ್ಚು.

ಅಳತೆಯ ಈ ಗೊಂದಲ ನಮ್ಮ ಜಿಲ್ಲೆಗೆ ಹೊಸತೇನಲ್ಲ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿ ಸರಕಾರದ ಆಜ್ಞೆಯಂತೆ ಕೆನರಾದಲ್ಲಿ ಸಂಚರಿಸುತ್ತಾ ಅಂಕೋಲೆಗೂ ಬಂದಿದ್ದ. ಅವನ ಪ್ರವಾಸ ಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಬೆಳೆ, ಕಂದಾಯ, ಜಾತಿ ಪದ್ಧತಿಗಳ ಜೊತೆಗೆ ಅವನು ಪಟ್ಟು ಹಿಡಿದು ಕೇಳಿ ಬರೆದುಕೊಂಡ ಸಂಗತಿಯೊಂದಿದೆ: ಈ ಊರಿನ ಸೇರು ಎಷ್ಟು, ಮಣ ಎಷ್ಟು. ಒಂದೇ ಹೆಸರಿನ ಅಳತೆ ಊರಿನಿಂದ ಊರಿಗೆ ಬೇರೆಯಾಗುತ್ತಿತ್ತು, ಒಂದೇ ಊರಿನಲ್ಲಿ ಸರಕಿನಿಂದ ಸರಕಿಗೂ ಬೇರೆಯಾಗುತ್ತಿದ್ದುದುಂಟು. ಬುಕಾನನ್ನನ ಈ ಟಿಪ್ಪಣಿಗಳು ಓದಲು ಬೇಸರ ತರಿಸುತ್ತವೆ ಎಂಬುದು ನಿಜ. ಆದರೆ ಅವು ಇಲ್ಲದಿದ್ದರೆ ಅವನು ಕೊಟ್ಟ ಇಳುವರಿ ಮತ್ತು ಬೆಲೆಗಳ ಅಂಕಿಗಳಿಂದ ನಮಗೆ ಉಪಯೋಗವಿರುತ್ತಿರಲಿಲ್ಲ.

ಮಣದ ಮಾತನ್ನೇ ತೆಗೆದುಕೊಳ್ಳಿ. ಮದರಾಸಿನ ಮಣ 25 ಪೌಂಡು, ಅಂದರೆ ಹನ್ನೊಂದು ಕಿಲೋಗಿಂತ ಸ್ವಲ್ಪ ಹೆಚ್ಚು. ಮುಂಬಯಿಯ ಮಣ 28 ಪೌಂಡು, ಸುಮಾರು 12.7 ಕಿಲೋ. ಬಂಗಾಳದ ಮಣವಾದರೋ 82 ಪೌಂಡಿಗೂ ಮಿಕ್ಕು, ಸುಮಾರು 37.3 ಕಿಲೋ. ‘ಹತ್ತು ಮಣ ಮೆಣಸು’ ಎಂದು ಬರೆದರೆ ಅದು 113 ಕಿಲೋವೂ ಆಗಬಹುದು, 373 ಕಿಲೋವೂ ಆಗಬಹುದು. ಇನ್ನೊಂದು ಸ್ವಾರಸ್ಯವೆಂದರೆ, ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಲಾಯಿತು. ಸರಕಾರದ ಒಂದು ಆಜ್ಞೆಯಿಂದ ಜಿಲ್ಲೆಯ ಒಡೆತನ ಬದಲಾಗುತ್ತದೆ. ‘ಮಣ’ ಎಂಬ ಎರಡಕ್ಷರದ ಮಾತು ಹಾಗೆಯೇ ಉಳಿಯುತ್ತದೆ. ಯಾರ ಮಣ ಎಂದು ಬಿಡಿಸಿ ಹೇಳುವ ಹೊಣೆ ಬರೆಯುವವನ ಮೇಲೆ.

ಈ ಹೊಣೆಯನ್ನು ಸರಕಾರವೇ ಸೊಗಸಾಗಿ ನಿರ್ವಹಿಸಿದ ಉದಾಹರಣೆಯೂ ನಮ್ಮ ಹಿರಿಯರ ನೆನಪಿನಲ್ಲಿದೆ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಪದ್ಧತಿ ಬಂತು. ಅಲ್ಲಿಯವರೆಗೆ ರೂಪಾಯಿಗೆ 16 ಆಣೆ, 64 ಪೈಸೆ. ಹೊಸ ಲೆಕ್ಕದಲ್ಲಿ 100 ಪೈಸೆ. ಎರಡೂ ಬಗೆಯ ನಾಣ್ಯಗಳು ಏಕಕಾಲಕ್ಕೆ ಚಲಾವಣೆಯಲ್ಲಿದ್ದವು. ‘ಐದು ಪೈಸೆ’ ಎಂದರೆ ಯಾವ ಐದು ಎಂದು ಜನ ಕಂಗಾಲಾಗದಿರಲೆಂದು ಹೊಸ ನಾಣ್ಯಕ್ಕೆ ‘ನಯಾ ಪೈಸಾ’ ಎಂದು ಹೆಸರಿಟ್ಟರು. ಜನರಿಗೆ ಹೊಸ ಲೆಕ್ಕ ರೂಢಿಯಾದ ಮೇಲೆ, 1964ರ ಜೂನ್ 1ರಿಂದ ‘ನಯಾ’ ಎಂಬ ವಿಶೇಷಣ ಬಿಟ್ಟುಹೋಯಿತು. ಉಪಕರಣಗಳಿಗೆ ಹೆಸರಿಡುವ ಇಂದಿನ ಎಂಜಿನಿಯರುಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು. ಒಂದೇ ಬಗೆಯ ಎರಡು ಉಪಕರಣಗಳು ಅಕ್ಕಪಕ್ಕ ಇದ್ದಾಗ ಅವುಗಳ ಭೇದ ಹೆಸರಿನಲ್ಲೇ ಕಾಣಬೇಕು. ‘ರದ್ದು’ ಎಂಬ ಹೆಸರಿನ ಉಪಕರಣ ಇಡೀ ಆರ್ಡರನ್ನು ರದ್ದು ಮಾಡುತ್ತದೆಯೋ, ಅದರಲ್ಲಿನ ಒಂದು ಸಾಮಾನನ್ನೋ ಎಂಬುದನ್ನು ಊಹೆಗೆ ಬಿಡಬಾರದು.

ತೂಕದ ವಿಷಯದಲ್ಲಿ 1956ರ ಕಾನೂನಿನಂತೆ ಮೆಟ್ರಿಕ್ ಪದ್ಧತಿ 1958ರ ಅಕ್ಟೋಬರಿನಿಂದ ಹಂತಹಂತವಾಗಿ ಜಾರಿಗೆ ಬಂತು. ಸೇರು, ಮಣಗಳ ತೊಡಕು ಅಲ್ಲಿಗೆ ಮುಗಿಯಿತೆಂದು ಭಾವಿಸುವಂತಿಲ್ಲ. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ಮಂಗಳ ಗ್ರಹಕ್ಕೆ ಕಳಿಸಿದ್ದ ನೌಕೆಯೊಂದು 1999ರ ಸೆಪ್ಟೆಂಬರಿನಲ್ಲಿ ಕಳೆದುಹೋಯಿತು. ಒಂದು ತಂತ್ರಾಂಶ ಪೌಂಡಿನ ಲೆಕ್ಕದಲ್ಲಿ ಅಂಕಿಗಳನ್ನು ಕೊಟ್ಟಿತ್ತು, ಇನ್ನೊಂದು ಅವನ್ನು ಮೆಟ್ರಿಕ್ ಅಂಕಿಗಳೆಂದು ತಿಳಿದು ಲೆಕ್ಕ ಹಾಕಿತ್ತು. ಅಷ್ಟು ದೊಡ್ಡ ವಿಜ್ಞಾನಿಗಳ ಕಣ್ಣು ತಪ್ಪಿಸಿದ ಸಂಗತಿ ಅಂಗಡಿಕಾರನ ಕಣ್ಣು ತಪ್ಪಿಸಿದರೆ ಆಶ್ಚರ್ಯವಿಲ್ಲ.

ದಿನಾಂಕದ್ದೂ ಇದೇ ಕಥೆ. ‘05/06’ ಎಂದರೆ ನಮಗೆ ಜೂನ್ 5. ಅಮೆರಿಕದವರಿಗೆ ಮೇ 6. ತಂತ್ರಾಂಶ ಬರೆದವರು ಯಾವ ದೇಶದವರೋ ಯಾರಿಗೆ ಗೊತ್ತು? ಸಾಬೂನು ಮಾರುವವರಿಗೆ ಇದರಿಂದ ದೊಡ್ಡ ನಷ್ಟವಾಗಲಿಕ್ಕಿಲ್ಲ. ಮಾವು ಮಾರುವವರಿಗೆ ಆ ಒಂದು ತಿಂಗಳು ಎಂದರೆ ಹಂಗಾಮಿನ ನಡುವಿಗೂ ಮಳೆಗಾಲದ ಬಾಗಿಲಿಗೂ ಇರುವ ಅಂತರ.

ಸರಕುಗಳನ್ನು ಗುರುತಿಸಲು ಸಂಖ್ಯೆಗಳಿವೆಯಲ್ಲ, ಹೆಸರು, ವಿವರಣೆಗಳ ರಗಳೆ ಏಕೆ ಎಂದು ಕೆಲವರು ಕೇಳಬಹುದು. ಸಂಖ್ಯೆಗಳು ಇವೆ ನಿಜ. 1974ರ ಜೂನ್ 26ರಂದು ಅಮೆರಿಕದ ಓಹಾಯೋ ರಾಜ್ಯದ ಟ್ರಾಯ್ ಊರಿನ ಅಂಗಡಿಯೊಂದರಲ್ಲಿ ಚ್ಯೂಯಿಂಗ್ ಗಮ್ ಪೊಟ್ಟಣದ ಗೆರೆಗಳನ್ನು ಯಂತ್ರ ಮೊದಲ ಬಾರಿಗೆ ಓದಿತು. ಬಾರ್‌ಕೋಡಿನ ಆ ಗೆರೆಗಳು ಈಗ ಬೆಂಕಿಪೆಟ್ಟಿಗೆಯ ಮೇಲೂ ಬಂದಿವೆ. ಭಾರತದ ಸಂಸ್ಥೆಯಿಂದ ಪಡೆದ ಸಂಖ್ಯೆಗಳು 890 ಎಂದು ಆರಂಭವಾಗುತ್ತವೆ. ಇದಲ್ಲದೆ 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗಿನಿಂದ ನಮ್ಮ ವ್ಯಾಪಾರಿಗಳಿಗೆ ಎಚ್‌ಎಸ್‌ಎನ್ ಸಂಖ್ಯೆಗಳ ಪರಿಚಯವಾಗಿದೆ. ಸುಂಕ ವಸೂಲಿಗಾಗಿ 1988ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ವರ್ಗೀಕರಣ ಅದು. ಉಪ್ಪಿಗೆ 2501. ಒಣಗಿಸಿದ, ಉಪ್ಪು ಹಾಕಿದ ಮೀನಿಗೆ 0305. ಮಾವಿಗೆ 080450.

ಈ ಕೊನೆಯ ಸಂಖ್ಯೆಯನ್ನು ಸ್ವಲ್ಪ ಗಮನಿಸಿ. 080450 ಎಂಬುದು ಮಾವಿಗೆ ಮಾತ್ರ ಸೇರಿದ್ದಲ್ಲ. ಪೇರಲ, ಮಾವು, ಮ್ಯಾಂಗೊಸ್ಟೀನ್ ಮೂರೂ ಆ ಆರಂಕಿಯ ಮನೆಯಲ್ಲಿ ಒಟ್ಟಿಗೆ ವಾಸ ಮಾಡುತ್ತವೆ. ಸುಂಕದ ಅಧಿಕಾರಿಗೆ ಅಷ್ಟು ಸಾಕು. ಈಶಾಡಿನ ಆಸೆಯಿಂದ ಕಾದಿರುವವನಿಗೆ ಸಾಲದು.

ಮೀನಿನ ವಿಷಯಕ್ಕೆ ಬಂದರೆ ಗೋಜಲು ಇನ್ನಷ್ಟು ದಟ್ಟವಾಗುತ್ತದೆ. ಕಾರವಾರದ ಮೀನು ಪೇಟೆಯಲ್ಲಿ ಕೊಂಕಣಿ, ಕನ್ನಡ, ಮರಾಠಿ ಮೂರೂ ಕಿವಿಗೆ ಬೀಳುತ್ತವೆ. ಕನ್ನಡದ ಸಿಗಡಿ ಕೊಂಕಣಿಯಲ್ಲಿ ಸುಂಗಟ. ಬಂಗಡೆ ಕೊಂಕಣಿಯಲ್ಲಿ ಬಾಂಗ್ಡೊ, ಮಂಗಳೂರಿನ ಕಡೆ ಬಂಗುಡೆ. ಇದು ಪರವಾಗಿಲ್ಲ, ಕಿವಿಯಿಂದಲೇ ಊಹಿಸಬಹುದು. ಆದರೆ ಇಲ್ಲಿಯವರು ತಾರ್ಲೆ ಎನ್ನುವ ಮೀನು ಮಂಗಳೂರಿನಲ್ಲಿ ಬೂತಾಯಿ. ಕಾಸರಗೋಡು ದಾಟಿ ಮಲಯಾಳಂ ಮಾತಿಗೆ ಹೊಕ್ಕರೆ ಮತ್ತಿ. ಇಂಗ್ಲಿಷಿನಲ್ಲಿ ಆಯಿಲ್ ಸಾರ್ಡಿನ್. ಕಾರವಾರದಲ್ಲೇ ಕೇಂದ್ರ ಹೊಂದಿರುವ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳಿಗೆ ಅದು ಸಾರ್ಡಿನೆಲ್ಲಾ ಲಾಂಜಿಸೆಪ್ಸ್. ಒಂದೇ ಮೀನು, ಒಂದೇ ಕರಾವಳಿ, ಇಷ್ಟು ಹೆಸರು.

ಬೆಂಗಳೂರಿನ ಅಥವಾ ಹೊರದೇಶದ ಕಂಪನಿಯೊಂದು ಬರೆದ ಹುಡುಕುವ ಉಪಕರಣದ ವಿವರಣೆಯಲ್ಲಿ ‘ಸರಕಿನ ಹೆಸರನ್ನು ಇಂಗ್ಲಿಷಿನಲ್ಲಿ ಕೊಡಿ’ ಎಂದಿದೆ ಎನ್ನಿ. ಗಿರಾಕಿ ತಾರ್ಲೆ ಕೇಳುತ್ತಾನೆ. ಯಂತ್ರ ಅದನ್ನು ತಾನೇ ಇಂಗ್ಲಿಷಿಗೆ ತಿರುಗಿಸಲು ಹೊರಡುತ್ತದೆ. ಈ ಯಂತ್ರಗಳು ಓದಿ ಕಲಿತ ಬರಹಗಳಲ್ಲಿ ಇಂಗ್ಲಿಷಿನದೇ ಸಿಂಹಪಾಲು. ಕನ್ನಡದ್ದು ಕಡಿಮೆ, ಕೊಂಕಣಿಯದು ಇನ್ನೂ ಕಡಿಮೆ. ತಿಳಿಯದ ಪದ ಬಂದಾಗ ‘ಗೊತ್ತಿಲ್ಲ’ ಎನ್ನುವ ಬದಲು ಹತ್ತಿರದ್ದೇನನ್ನೋ ಹಿಡಿದುಕೊಳ್ಳುವ ಸ್ವಭಾವವೂ ಅವಕ್ಕಿದೆ. ಇದಕ್ಕೆ ಮದ್ದು ಕಷ್ಟದ್ದೇನಲ್ಲ. ಗಿರಾಕಿ ಹೇಳಿದ ಹೆಸರನ್ನು ಹಾಗೆಯೇ ಕಳಿಸು, ಅನುವಾದ ಮಾಡಬೇಡ ಎಂದು ಚೀಟಿಯಲ್ಲಿ ಒಂದು ಸಾಲು ಬರೆದು, ಅಂಗಡಿಯ ಕಡತದಲ್ಲಿ ಪ್ರತಿ ಮೀನಿಗೂ ಅದರ ನಾಲ್ಕಾರು ಹೆಸರುಗಳನ್ನು ಸೇರಿಸಿಟ್ಟರೆ ಆಯಿತು. ಆದರೆ ಆ ಹೆಸರುಗಳನ್ನು ಬಲ್ಲವರು ಮೀನು ಮಾರುವ ಹೆಂಗಸರು. ತಂತ್ರಾಂಶ ಬರೆಯುವ ಮೇಜಿನ ಹತ್ತಿರ ಅವರನ್ನು ಕರೆದವರು ಯಾರು?

ಚೀಟಿ ಉದ್ದವಾದಷ್ಟೂ ಒಳ್ಳೆಯದು ಎಂದೂ ತಿಳಿಯಬಾರದು. ಯಂತ್ರ ಒಂದು ಮಾತುಕತೆಗೆ ಕೂರುವಾಗ ತನಗೆ ಕೊಟ್ಟ ಉಪಕರಣಗಳ ವಿವರಣೆಯನ್ನೆಲ್ಲ ಸಾಮಾನ್ಯವಾಗಿ ಓದಿಕೊಂಡೇ ಕೂರುತ್ತದೆ. ಅದಕ್ಕೆ ಹೊತ್ತೂ ಬೇಕು, ಹಣವೂ ಬೇಕು. ಐವತ್ತು ಉಪಕರಣಗಳಿಗೆ ಒಂದೊಂದು ಪುಟ ಬರೆದಿಟ್ಟರೆ ಮುಖ್ಯವಾದ ಮಾತು ರಾಶಿಯಲ್ಲಿ ಹೂತುಹೋಗುತ್ತದೆ. ಈ ಉಪಕರಣ ಏನು ಮಾಡುತ್ತದೆ, ಯಾವಾಗ ಬಳಸಬೇಕು, ಯಾವಾಗ ಬಳಸಬಾರದು, ಅಳತೆ ಯಾವುದು, ಉತ್ತರ ಯಾವ ರೂಪದಲ್ಲಿ ಬರುತ್ತದೆ ಎಂಬಷ್ಟು ಇದ್ದರೆ ಬಹುಪಾಲು ಕೆಲಸ ನಡೆಯುತ್ತದೆ. ಮಾತಿನಲ್ಲಿ ಹೇಳಿ ಮುಗಿಯದ ಕಡೆ ಒಂದು ಉದಾಹರಣೆ ಕೊಡುವುದು ಮೇಲು. ಕೋಠಿಯವರ ಮಸ್ಟರ್ ತುಂಡು ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ಉದಾಹರಣೆ ಮಾಡುತ್ತದೆ.

ಇನ್ನೊಂದು ಭೇದವನ್ನು ಹಳೆಯ ಅಂಗಡಿಕಾರರು ಯಾರೂ ಹೇಳದೆಯೇ ಪಾಲಿಸುತ್ತಿದ್ದರು. ಹೊಸದಾಗಿ ಸೇರಿದ ಹುಡುಗನಿಗೆ ಮೊದಲ ದಿನವೇ ಸಾಮಾನು ತೆಗೆದು ತೋರಿಸುವ ಕೆಲಸ ಕೊಡುತ್ತಿದ್ದರು. ಕಿರ್ದಿ ಬರೆಯಲು ಕೆಲವು ತಿಂಗಳು ಕಾಯಬೇಕಿತ್ತು. ಗಲ್ಲಾಪೆಟ್ಟಿಗೆಗೆ ಕೈ ಹಾಕಲು ವರ್ಷಗಳೇ ಬೇಕಾಗುತ್ತಿದ್ದವು. ಉಪಕರಣಗಳಲ್ಲೂ ಹೀಗೆಯೇ ನೋಡುವವು ಬೇರೆ, ಮಾಡುವವು ಬೇರೆ. ದಾಸ್ತಾನು ಹತ್ತು ಸಲ ನೋಡಿದರೂ ಯಾರಿಗೂ ನಷ್ಟವಿಲ್ಲ. ಹಣ ವಾಪಸು ಮಾಡುವ ಉಪಕರಣವನ್ನು ಎರಡು ಸಲ ಒತ್ತಿದರೆ ಎರಡು ಸಲ ಹಣ ಹೋಗಬಹುದು. ಮಾಡುವ ಉಪಕರಣದ ಚೀಟಿಯಲ್ಲಿ ‘ಇದನ್ನು ಮಾಡಿದ ಮೇಲೆ ಹಿಂದೆಗೆಯಲು ಬರುವುದಿಲ್ಲ, ಮೊದಲು ಧಣಿಯನ್ನು ಕೇಳು’ ಎಂಬ ಮಾತು ಇರಲೇಬೇಕು. ಚೀಟಿಯ ಮಾತೊಂದನ್ನೇ ನಂಬಿ ಕೂರದೆ, ಒಪ್ಪಿಗೆಯಿಲ್ಲದೆ ಹಣ ಹೊರಹೋಗದಂತೆ ತಂತ್ರಾಂಶದಲ್ಲೇ ಬೀಗ ಹಾಕಿರುವುದು ಜಾಣತನ. ಗುಮಾಸ್ತ ಎಷ್ಟೇ ಒಳ್ಳೆಯವನಾದರೂ ಪೆಟ್ಟಿಗೆಯ ಕೀಲಿಕೈ ಧಣಿಯ ಸೊಂಟದಲ್ಲಿರುತ್ತಿತ್ತಷ್ಟೆ.

ಇಂಥ ವಿವರಣೆಯನ್ನು ಬರೆಯುವ ಕೆಲಸವನ್ನು ನಮ್ಮವರು ಒಮ್ಮೆ ಬೇರೊಂದು ಸಂದರ್ಭದಲ್ಲಿ ಮಾಡಿ ತೋರಿಸಿದ್ದಾರೆ. ಅಂಕೋಲೆಯ ಕರಿ ಈಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಸಂಸತ್ತು 1999ರಲ್ಲಿ ಅಂಗೀಕರಿಸಿ 2003ರ ಸೆಪ್ಟೆಂಬರಿನಿಂದ ಜಾರಿಗೆ ಬಂದ ಕಾನೂನಿನಂತೆ ಕೊಡುವ ಮಾನ್ಯತೆ ಇದು. ಅರ್ಜಿ ಸಲ್ಲಿಸಿದ್ದು ಇಲ್ಲಿಯದೇ ಬೆಳೆಗಾರರ ಕಂಪನಿ. ಈ ಅರ್ಜಿಯಲ್ಲಿ ‘ನಮ್ಮ ಹಣ್ಣು ಬಹಳ ರುಚಿ’ ಎಂದರೆ ನಡೆಯುವುದಿಲ್ಲ. ಸರಕಿನ ವರ್ಣನೆ, ಅದರ ಲಕ್ಷಣ, ಬೆಳೆಯುವ ಪ್ರದೇಶದ ಗಡಿ, ಬೆಳೆಯುವ ವಿಧಾನ, ಬೇರೆಯವುಗಳಿಗಿಂತ ಇದು ಹೇಗೆ ಭಿನ್ನ ಎಂಬುದನ್ನು ಆ ಹಣ್ಣನ್ನು ಎಂದೂ ನೋಡದ ಅಧಿಕಾರಿಗೂ ಮನವರಿಕೆಯಾಗುವಂತೆ ಬರೆಯಬೇಕು.

ಈಶಾಡಿನಲ್ಲಿ ಕರಿ, ಬಿಳಿ ಎಂದು ಎರಡು ಬಗೆ. ಕರಿ ಈಶಾಡಿಗೆ ಸಿಪ್ಪೆ ತೆಳು, ತಿರುಳು ಹೆಚ್ಚು, ಪರಿಮಳವೂ ಸಿಹಿಯೂ ಜಾಸ್ತಿ. ಬಿಳಿಯದಕ್ಕೆ ಸಿಪ್ಪೆ ದಪ್ಪ, ತಿರುಳು ಕಡಿಮೆ. ಸಿಪ್ಪೆ ತೆಳುವಾದ್ದರಿಂದಲೇ ಕರಿ ಈಶಾಡು ದೂರದ ಪ್ರಯಾಣವನ್ನು ಹೆಚ್ಚು ದಿನ ತಾಳಲಾರದು. ಈಶಾಡ, ಇಶಾಡ, ಈಶಾಡು ಎಂದು ಬರೆಯುವ ರೀತಿಯೂ ಒಂದಲ್ಲ. ಮೇ ತಿಂಗಳಲ್ಲಿ ಅಂಕೋಲೆಯಲ್ಲಿ ಬುಟ್ಟಿಯ ಮುಂದೆ ಕೂರುವ ಹಾಲಕ್ಕಿ ಹೆಂಗಸರಿಗೆ ಇದೆಲ್ಲ ಕೈಬೆರಳಿನಲ್ಲೇ ತಿಳಿದಿರುತ್ತದೆ. 080450 ಎಂಬ ಸಂಖ್ಯೆಗೆ ತಿಳಿದಿಲ್ಲ. ಈ ತಿಳಿವಳಿಕೆಯಲ್ಲಿ ಯಂತ್ರಕ್ಕೆ ಬೇಕಾದಷ್ಟನ್ನು ಒಂದು ಚೀಟಿಗೆ ಇಳಿಸಿದರೆ ಅದು ಹೆಚ್ಚುಕಡಿಮೆ ಹೀಗಿರುತ್ತದೆ:

‘ಮಾವಿನ ಆರ್ಡರ್ ಬರೆದುಕೊಳ್ಳುವ ಉಪಕರಣ. ಈಶಾಡ ಹಣ್ಣಿಗೆ ಮಾತ್ರ. ಬೇರೆ ಹಣ್ಣುಗಳಿಗೆ ಬಳಸಬೇಡ. ಲೆಕ್ಕ ಡಜನ್‌ನಲ್ಲಿ, ಕಿಲೋದಲ್ಲಿ ಅಲ್ಲ: ಎರಡು ಡಜನ್ ಬೇಕಿದ್ದರೆ 2 ಎಂದು ಬರೆ, 24 ಎಂದಲ್ಲ. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಕೊಡು. ಕರಿ ಈಶಾಡು ಹೆಚ್ಚು ದಿನ ಇರುವುದಿಲ್ಲ. ತಲುಪಲು ಎರಡು ದಿನಕ್ಕಿಂತ ಹೆಚ್ಚು ಬೇಕಾಗುವ ಊರಾದರೆ ಆರ್ಡರ್ ಬರೆಯುವ ಮೊದಲು ಅಂಗಡಿಯವರನ್ನು ಕೇಳು. ಕರಿಯೋ ಬಿಳಿಯೋ ಎಂದು ಗಿರಾಕಿ ಹೇಳದಿದ್ದರೆ ನೀನೇ ಆರಿಸಬೇಡ, ಅವರನ್ನೇ ಕೇಳು.’